ಎರೆ ಮಣ್ಣಿನ ಮೇಲೆ 300 ಚದರ ಅಡಿ ಹಸಿರು

ಜಾಗ 20 ಅಡಿ ಉದ್ದ, 15 ಅಡಿ ಅಗಲ. ಕಲಬುರಗಿಯ ಹೊಸ ಬಡಾವಣೆಗಳಲ್ಲಿ 40×60ರ ಸೈಟಿನಲ್ಲಿ ಮನೆ ಕಟ್ಟಿ, ಗಾಡಿಗೆ ದಾರಿ ಬಿಟ್ಟ ಮೇಲೆ ಮುಂದೆ ಉಳಿಯುವುದು ಹೆಚ್ಚುಕಡಿಮೆ ಇಷ್ಟೇ. ಕೆಳಗೆ ಎರೆ ಮಣ್ಣು, ಮೇಲೆ ಕಟ್ಟಡದ ಕಸ. ಇದನ್ನು ಹುಲ್ಲುಹಾಸು ಮಾಡಲು ಒಂದು ಏಪ್ರಿಲ್‌ನಿಂದ ಮರು ವರ್ಷದ ಜೂನ್‌ವರೆಗೆ ಏನೇನು ಮಾಡಬೇಕಾಯಿತು, ಎಲ್ಲಿ ಕೆಟ್ಟಿತು, ಯಾಕೆ ಕೆಟ್ಟಿತು ಎಂಬುದನ್ನು ಬರೆದಿಟ್ಟಿದ್ದೇವೆ. ಖರ್ಚಿನಲ್ಲಿ ಮುಕ್ಕಾಲು ಪಾಲು ಹೋದದ್ದು ಹುಲ್ಲಿಗಲ್ಲ, ಹುಲ್ಲಿನ ಕೆಳಗಿನ ನಾಲ್ಕು ಇಂಚಿಗೆ. ಹೋಗಬೇಕಾದದ್ದೂ ಅಲ್ಲಿಗೇ.

ಏಪ್ರಿಲ್‌ನಲ್ಲಿ ಮೊದಲು ಮಾಡಿದ್ದು ಒಂದು ಗುಂಡಿ. ಒಂದು ಅಡಿ ಚೌಕ, ಒಂದೂವರೆ ಅಡಿ ಆಳ. ನೀರು ತುಂಬಿದರೆ ಹತ್ತು ನಿಮಿಷದಲ್ಲಿ ಖಾಲಿ. ಇಲ್ಲೇ ಬಹಳ ಜನ ಮೋಸ ಹೋಗುತ್ತಾರೆ: ಅಬ್ಬಾ, ಎಷ್ಟು ಚಲೋ ನೀರು ಬಸಿಯುತ್ತದೆ ಅಂದುಕೊಳ್ಳುತ್ತಾರೆ. ಬೇಸಿಗೆಯಲ್ಲಿ ಎರೆ ಮಣ್ಣು ಬಾಯಿ ಬಿಟ್ಟಿರುತ್ತದೆ, ನೀರು ಇಳಿದದ್ದು ಬಿರುಕಿನೊಳಗೆ. ಅದೇ ಗುಂಡಿಯನ್ನು ದಿನವಿಡೀ ತುಂಬುತ್ತಾ ಹೋಗಿ, ಮರುದಿನ ಮುಂಜಾನೆ ಮತ್ತೆ ತುಂಬಿ ಅಳತೆ ಪಟ್ಟಿ ಇಟ್ಟಾಗ ನಿಜ ಗೊತ್ತಾಯಿತು. ಒಂದು ತಾಸಿಗೆ ಕಾಲು ಇಂಚೂ ಇಳಿಯಲಿಲ್ಲ. ಮಣ್ಣು ಉಬ್ಬಿ ಬಿರುಕೆಲ್ಲ ಮುಚ್ಚಿದ್ದವು. ಸೆಪ್ಟೆಂಬರ್ ಮಳೆಯಲ್ಲಿ ಹುಲ್ಲಿನ ಬೇರು ನಿಲ್ಲಬೇಕಾದದ್ದು ಈ ಎರಡನೇ ದಿನದ ಮಣ್ಣಿನಲ್ಲಿ.

ಇನ್ನೊಂದು ಪರೀಕ್ಷೆ ಅಡುಗೆಮನೆಯದು. ಗುಂಡಿಯ ಮಣ್ಣಿನ ಒಣ ಹೆಂಟೆಯ ಮೇಲೆ ನಾಲ್ಕು ಹನಿ ಲಿಂಬೆ ರಸ ಬಿಟ್ಟರೆ ಬುರುಬುರು ನೊರೆ ಬಂತು. ನೊರೆ ಬಂದರೆ ಮಣ್ಣಿನಲ್ಲಿ ಸುಣ್ಣದಂಶ ಇದೆ ಎಂದು ಅರ್ಥ. ಶಹಾಬಾದ್, ಚಿತ್ತಾಪುರ, ಸೇಡಂ ಸುತ್ತಲ ನೆಲವೇ ಸುಣ್ಣದ ಕಲ್ಲಿನದು, ಅದರಲ್ಲಿ ಆಶ್ಚರ್ಯವಿಲ್ಲ. ಅಂಕಿ ಬೇಕಿದ್ದರೆ ಕೃಷಿ ವಿಜ್ಞಾನ ಕೇಂದ್ರದಲ್ಲಿ ಮಣ್ಣು ಪರೀಕ್ಷೆ ಮಾಡಿಸಬಹುದು. ಈ ಮಣ್ಣಿನ ರಸಸಾರ (ಪಿಎಚ್) 8.3 ಬಂತು. ಇಂಥ ಮಣ್ಣಿಗೆ ಜಿಪ್ಸಂ ಹಾಕಿ ಎಂದು ಎಲ್ಲರೂ ಹೇಳುತ್ತಾರೆ. ಸೋಡಿಯಂ ಹೆಚ್ಚಾಗಿ ಸವುಳಾದ ಮಣ್ಣಿಗೆ ಜಿಪ್ಸಂ ಔಷಧ, ನಿಜ. ಆದರೆ ಮೊದಲೇ ಸುಣ್ಣ ತುಂಬಿರುವ, ಸೋಡಿಯಂ ಇಲ್ಲದ ಎರೆ ಮಣ್ಣಿಗೆ ಅದರಿಂದ ಹೇಳಿಕೊಳ್ಳುವ ಲಾಭವಿಲ್ಲ. ವರದಿಯಲ್ಲಿ ಸೋಡಿಯಂ ಕಡಿಮೆ ಇದ್ದದ್ದರಿಂದ ಆ ಹಣವನ್ನು ತಿಪ್ಪೆ ಗೊಬ್ಬರಕ್ಕೆ ಹಾಕಿದೆವು.

ಎರಡು ಪುಟ್ಟಿ ಉಸುಕು ಕಲಸಿದರೆ ಎರೆ ಮಣ್ಣು ಸಡಿಲಾಗುತ್ತದೆ ಎಂಬ ನಂಬಿಕೆಯೂ ಇದೆ. ಆಗುವುದಿಲ್ಲ. ಜಿಗುಟು ಮಣ್ಣಿನ ನಡುವೆ ಉಸುಕಿನ ಕಾಳುಗಳು ಸಿಕ್ಕಿಕೊಂಡು, ಒಣಗಿದಾಗ ಇಟ್ಟಿಗೆಯಂತಾಗುತ್ತದೆ. ನಿಜವಾಗಿ ಸಡಿಲಾಗಬೇಕಾದರೆ ಅರ್ಧಕ್ಕಿಂತ ಹೆಚ್ಚು ಪಾಲು ಉಸುಕೇ ಇರಬೇಕು, ಅಷ್ಟು ಯಾರೂ ಹಾಕುವುದಿಲ್ಲ. ಆದ್ದರಿಂದ ಎರೆ ಮಣ್ಣನ್ನು ಬದಲಿಸುವ ಗೋಜಿಗೆ ಹೋಗದೆ, ಅದರ ಮೇಲೆ ಬೇರೆ ಮಣ್ಣಿನ ಪದರ ಕೂರಿಸುವುದೇ ದಾರಿ.

ಅದಕ್ಕೆ ಮೊದಲು ಆರು ಇಂಚು ತೆಗೆಯಬೇಕಾಯಿತು. ಮೇಲ್ಪದರದಲ್ಲಿ ಸಿಕ್ಕಿದ್ದು ಗಟ್ಟಿಯಾದ ಸಿಮೆಂಟಿನ ಉಂಡೆ, ಇಟ್ಟಿಗೆ ಚೂರು, ಟೈಲ್ಸ್ ಕೊಯ್ದ ಬಿಳಿ ಕೆಸರು. ಈ ಬಿಳಿ ಕೆಸರು ಬಿಟ್ಟರೆ ಆ ಜಾಗದಲ್ಲಿ ಹುಲ್ಲು ಹಳದಿಯಾಗಿಯೇ ಉಳಿಯುತ್ತದೆ. ತೆಗೆಯುವ ಕೆಲಸಕ್ಕೂ ಹದ ಬೇಕು. ಒಣ ಎರೆಗೆ ಗುದ್ದಲಿ ಹಾಕಿದರೆ ಕಿಡಿ ಹಾರುತ್ತದೆ, ಹಸಿ ಎರೆ ಸಲಿಕೆಗೆ ಅಂಟಿಕೊಂಡು ಬಿಡುವುದೇ ಇಲ್ಲ. ಮಾಲಿ ಎರಡು ದಿನ ಕೆಲಸಕ್ಕೆ ಬಂದು ಹಾಗೇ ವಾಪಸು ಹೋದ. “ಇನ್ನಾ ಹಸಿ ಅದರಿ, ಈಗ ತುಳದ್ರ ಕಲ್ಲಾಗ್ತದ” ಎಂದ. ಮುಷ್ಟಿಯಲ್ಲಿ ಉಂಡೆ ಕಟ್ಟಿ ಹೆಬ್ಬೆರಳಿನಿಂದ ಒತ್ತಿದಾಗ ಅದು ಚಪ್ಪಟೆಯಾಗದೆ ಪುಡಿಯಾಗಿ ಒಡೆಯಬೇಕು; ಆಗ ಹದ.

ಗೋಡೆಯಿಂದ ಮೂರು ಅಡಿ ಬಿಟ್ಟೆವು. ಇದು ಎರೆ ನೆಲದ ಮನೆಗಳಿಗೆಲ್ಲ ಅನ್ವಯ. ಹುಲ್ಲಿಗೆ ವಾರವಾರವೂ ನೀರು ಬಿದ್ದರೆ ಪಾಯದ ಒಂದು ಮಗ್ಗುಲಿನ ಮಣ್ಣು ಉಬ್ಬಿಯೇ ಇರುತ್ತದೆ, ಇನ್ನೊಂದು ಮಗ್ಗುಲಿನದು ಬೇಸಿಗೆಯಲ್ಲಿ ಕುಗ್ಗುತ್ತದೆ. ಆ ಎಳೆದಾಟದಲ್ಲಿ ಗೋಡೆ ಬಿರಿಯುತ್ತದೆ. ಮೂರು ಅಡಿಗೆ ಶಹಾಬಾದ್ ಪರಸಿ (ಹಾಸುಗಲ್ಲು) ಹಾಸಿ, ಇಳಿಜಾರನ್ನು ಮನೆಯಿಂದ ಹೊರಕ್ಕೆ ಕೊಟ್ಟೆವು.

ಇಳಿಜಾರು 15 ಅಡಿಗೆ 3 ಇಂಚು. ಗೌಂಡಿಗಳು ಬಳಸುವ ನೀರಿನ ಲೆವೆಲ್ ಪೈಪಿನಿಂದ ನಾಲ್ಕೂ ಮೂಲೆಗೆ ಗೂಟ ಹೊಡೆದು ದಾರ ಕಟ್ಟಿದರೆ ಸಾಕು. ತಗ್ಗಿನ ಅಂಚಿನ ಉದ್ದಕ್ಕೂ ಒಂದು ಅಡಿ ಅಗಲ, ಒಂದೂವರೆ ಅಡಿ ಆಳದ ಕಾಲುವೆ ತೆಗೆದು, ತಳಕ್ಕೆ ತೂತು ಹೊಡೆದ 4 ಇಂಚಿನ ಪಿವಿಸಿ ಪೈಪು ಇಟ್ಟು, ತೂತುಗಳನ್ನು ಕೆಳಮುಖ ಮಾಡಿ, ಸುತ್ತ 20 ಮಿ.ಮೀ. ಖಡಿ ತುಂಬಿದೆವು. ಪೈಪಿನ ಬಾಯಿ ಗಟಾರದ ತಳಕ್ಕಿಂತ ಮೇಲಿರಬೇಕು. ಇಲ್ಲವಾದರೆ ಮಳೆಯಲ್ಲಿ ಗಟಾರದ ನೀರೇ ಒಳಗೆ ಬರುತ್ತದೆ. ಅಂಚಿಗೆ 9 ಇಂಚು ಅಗಲದ ಶಹಾಬಾದ್ ಪಟ್ಟಿಗಳನ್ನು ನಿಲ್ಲಿಸಿ ಹೂತೆವು, ಕರಕಿ (ಗರಿಕೆ) ಬೇರು ಹೂವಿನ ಪಾತಿಗೆ ನುಗ್ಗದಿರಲಿ ಎಂದು. ಪಟ್ಟಿಯ ಕೆಳಗೂ ಬದಿಗೂ ಮುರುಮು ಹಾಕಿ ಧಮ್ಮಸ್ಸು ಮಾಡಿದ ಕಡೆ ಅವು ನಿಂತವು. ಎರೆಯಲ್ಲೇ ನಿಲ್ಲಿಸಿದ ಎರಡು ಪಟ್ಟಿಗಳು ಮೊದಲ ಮಳೆಗಾಲದಲ್ಲೇ ವಾಲಿದವು.

ಇನ್ನು ಮಣ್ಣಿನ ಲೆಕ್ಕ. 300 ಚದರ ಅಡಿಗೆ 4 ಇಂಚು ಎಂದರೆ 100 ಘನ ಅಡಿ, ಅಂದರೆ ಸರಿಯಾಗಿ ಒಂದು ಬ್ರಾಸ್. ಸಡಿಲ ಮಣ್ಣು ನೀರು ಬಿದ್ದ ಮೇಲೆ ಕೂರುತ್ತದೆ, ಹಾಗಾಗಿ ಒಂದೂಕಾಲು ಬ್ರಾಸ್ ತರಿಸಬೇಕು. ಮಿಶ್ರಣ ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಉಸುಕು, ಒಂದು ಪಾಲು ಜರಡಿ ಹಿಡಿದ ತಿಪ್ಪೆ ಗೊಬ್ಬರ. ಮೇಲಿನ ಪದರವನ್ನು ಎರೆಯ ಮೇಲೆ ಸುಮ್ಮನೆ ಸುರಿದರೆ ಎರಡರ ನಡುವೆ ನೀರು ನಿಂತು ಬೇರು ಕೊಳೆಯುತ್ತದೆ. ಅದಕ್ಕೇ ಕೆಳಗಿನ ಎರೆಯನ್ನು 4 ಇಂಚು ಅಗೆದು, ಒಂದು ಇಂಚು ದಪ್ಪ ಗೊಬ್ಬರ (25 ಘನ ಅಡಿ) ಸೇರಿಸಿ, ಹೊಸ ಮಣ್ಣಿನ ಮೊದಲ ಇಂಚನ್ನು ಅದರಲ್ಲೇ ಕಲಸಿ, ಉಳಿದದ್ದನ್ನು ಆಮೇಲೆ ಹರಡಿದೆವು. ಜೊತೆಗೆ ಸಿಂಗಲ್ ಸೂಪರ್ ಫಾಸ್ಫೇಟ್ ಚದರ ಮೀಟರಿಗೆ 50 ಗ್ರಾಂ, ಒಟ್ಟು 1.4 ಕಿಲೋ, ಒಂದೇ ಸಲ. ಅದರಲ್ಲಿರುವ ರಂಜಕವನ್ನು ಪ್ರತಿ ವರ್ಷ ಸುರಿಯುತ್ತಾ ಹೋದರೆ ಸುಣ್ಣದ ಮಣ್ಣಿನಲ್ಲಿ ಕಬ್ಬಿಣ, ಸತುವಿನ ಕೊರತೆ ಇನ್ನಷ್ಟು ಹೆಚ್ಚುತ್ತದೆ.

ಗೊಬ್ಬರ ಪೂರ್ತಿ ಕಳಿತಿರಬೇಕು. ಮುಟ್ಟಿದರೆ ತಣ್ಣಗಿರಬೇಕು, ಸೆಗಣಿ ವಾಸನೆ ಬರಬಾರದು, ತೊಗರಿ ಕಟ್ಟಿಗೆಯ ಚೂರು ಇರಬಾರದು. ಅರೆಬರೆ ಕಳಿತದ್ದರ ಜೊತೆ ಗೆದ್ದಲು, ಗೊಣ್ಣೆ ಹುಳ ಎರಡೂ ಮನೆಗೆ ಬರುತ್ತವೆ.

ಬೀದರಿನವರಿಗೆ ಈ ತಾಪತ್ರಯ ಅರ್ಧ ಕಡಿಮೆ. ಅಲ್ಲಿನ ಜಂಬಿಟ್ಟಿಗೆಯ ಕೆಂಪು ನೆಲ ನೀರು ಬಸಿಯುತ್ತದೆ. ಅಲ್ಲಿಯ ಕಷ್ಟ ನೀರು ನಿಲ್ಲಿಸುವುದು, ಅದಕ್ಕೆ ಗೊಬ್ಬರವನ್ನೇ ದುಪ್ಪಟ್ಟು ಮಾಡಬೇಕು. ಯಾದಗಿರಿ ಜಿಲ್ಲೆಯ ಸುರಪುರ ಕಡೆ ಉಸುಕು ಮಿಶ್ರಿತ ಕೆಂಪು ಮಣ್ಣಿದ್ದವರೂ ಹೊರಗಿನ ಮಣ್ಣು ತರಿಸುವ ಅಗತ್ಯವಿಲ್ಲ.

ಮಣ್ಣು ಹರಡಿದ್ದು ಮೇ ಮೊದಲ ವಾರ. ಹುಲ್ಲು ಹಚ್ಚುವುದು ಮಿರಗಕ್ಕೆ (ಮೃಗಶಿರ ಮಳೆಗೆ). ನಡುವಿನ ಒಂದು ತಿಂಗಳನ್ನು ಖಾಲಿ ಬಿಡುವುದಕ್ಕೆ ಕಾರಣವಿದೆ, ಜೇಕು ಎಂಬ ಕಳೆ. ಹೊಲದ ಬದುವಿನ ಕೆಂಪು ಮಣ್ಣಿನ ಜೊತೆ ಜೇಕಿನ ಗಡ್ಡೆ ಉಚಿತವಾಗಿ ಬರುತ್ತದೆ. ಬರಿ ನೆಲಕ್ಕೇ ನೀರು ಹೊಡೆಯುತ್ತಾ ಹೋದೆವು, ಹತ್ತು ದಿನಕ್ಕೆ ಈಟಿಯಂಥ ಎಲೆಗಳು ಎದ್ದವು. ಎಲೆ ಹಿಡಿದು ಎಳೆದರೆ ತುದಿ ಮಾತ್ರ ಕೈಗೆ ಬರುತ್ತದೆ, ಗಡ್ಡೆ ಕೆಳಗೇ ಉಳಿಯುತ್ತದೆ. ಸರದ ಹಾಗೆ ಒಂದಕ್ಕೊಂದು ಜೋಡಿಸಿಕೊಂಡಿರುವ ಗಡ್ಡೆಗಳಲ್ಲಿ ಒಂದು ಹೋದರೆ ಮಲಗಿದ್ದ ಇನ್ನೊಂದು ಏಳುತ್ತದೆ. ಖುರಪಿಯಿಂದ ಐದಾರು ಇಂಚು ಆಳಕ್ಕೆ ಇಳಿದು ಗಡ್ಡೆ ಸಮೇತ ತೆಗೆಯಬೇಕು. ಮೂರು ಸುತ್ತು ತೆಗೆದೆವು. ಮೊದಲ ಸುತ್ತಿನಲ್ಲಿ ಎರಡು ಪುಟ್ಟಿ, ಮೂರನೆಯದರಲ್ಲಿ ಒಂದು ಬೊಗಸೆ. ಗ್ಲೈಫೋಸೇಟ್ ಕಳೆನಾಶಕ ಹೊಡೆಯಿರಿ ಎನ್ನುವವರಿದ್ದಾರೆ; ಅದನ್ನು ಪರವಾನಗಿ ಇರುವ ಕೀಟ ನಿಯಂತ್ರಣದವರ ಮೂಲಕ ಮಾತ್ರ ಬಳಸಬೇಕೆಂದು 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಆದೇಶ ಹೊರಡಿಸಿತ್ತು. ಈ ಅಳತೆಯ ಜಾಗಕ್ಕೆ ಖುರಪಿಯೇ ಸಾಕು. ಕಾಂಗ್ರೆಸ್ ಕಸ, ನೆಗ್ಗಿಲು ಎಲ್ಲ ಒಂದೇ ಎಳೆತಕ್ಕೆ ಬರುತ್ತವೆ, ಅವುಗಳ ಚಿಂತೆ ಬೇಡ.

ಹುಲ್ಲಿನ ಆಯ್ಕೆಯಲ್ಲಿ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಆರು ತಾಸು ನೇರ ಬಿಸಿಲು ಬೀಳುವ ಜಾಗಕ್ಕೆ ಕರಕಿಯ ಜಾತಿಯೇ ಸರಿ. ಗಣಪತಿಗೆ ಏರಿಸುವ ಅದೇ ಕರಕಿ, ಸಣ್ಣ ಎಲೆಯ ಆಯ್ದ ತಳಿ. ನೆಲದ ಮೇಲೆಯೂ ಒಳಗೂ ಹಬ್ಬುವುದರಿಂದ ಎಲ್ಲಿ ಸುಟ್ಟರೂ ಮತ್ತೆ ಮುಚ್ಚಿಕೊಳ್ಳುತ್ತದೆ. ಕೊರಿಯನ್ ಹುಲ್ಲು ನೋಡಲು ಮೆತ್ತಗಿನ ದಿಂಬಿನ ಹಾಗೆ ಚಂದ, ಆದರೆ ಹಬ್ಬುವುದು ಬಹಳ ನಿಧಾನ. ಕರಕಿ 60–70 ದಿನಕ್ಕೆ ಮುಚ್ಚಿದ ಜಾಗಕ್ಕೆ ಅದಕ್ಕೆ ಐದಾರು ತಿಂಗಳು ಬೇಕು. ಬೇವಿನ ಮರದ ನೆರಳಿದ್ದರೆ ಮಾತ್ರ ಅಗಲ ಎಲೆಯ ಬಫೆಲೊ ಹುಲ್ಲು, ನೀರು ಮಾತ್ರ ಹೆಚ್ಚು ಕೇಳುತ್ತದೆ.

ಸುರುಳಿ ಹುಲ್ಲು ತಂದು ಹಾಸುವುದಕ್ಕಿಂತ ಕಡ್ಡಿ ಹಚ್ಚುವುದು ಒಳ್ಳೆಯದು ಎಂಬುದು ನಮ್ಮ ಪಕ್ಕಾ ಅಭಿಪ್ರಾಯ. ಸುರುಳಿ ಬೇರೆ ಎಲ್ಲೋ ಬೇರೆ ಮಣ್ಣಿನಲ್ಲಿ ಬೆಳೆದದ್ದು. ಅದರ ಇಂಚು ದಪ್ಪದ ಮಣ್ಣಿನಲ್ಲೇ ಬೇರು ಸುತ್ತಿಕೊಂಡು ಕೆಳಗಿಳಿಯಲು ಹಟ ಮಾಡುತ್ತದೆ. ಮೇಲೆ ತಿಂಗಳೊಪ್ಪತ್ತು ಹಸಿರಾಗಿದ್ದು ಮೊದಲ ಬೇಸಿಗೆಗೆ ತಟ್ಟೆಯಂತೆ ಎದ್ದು ಬರುತ್ತದೆ. ಜೊತೆಗೆ ಮೇ ತಿಂಗಳಿಡೀ ತೆಗೆದ ಜೇಕು ಮತ್ತೆ ಹೊಸದಾಗಿ ಬರುತ್ತದೆ.

ಒಂದು ಚದರ ಅಡಿ ಹುಲ್ಲು ಬಿಡಿಸಿದರೆ ಎಂಟು ಚದರ ಅಡಿಗೆ ಕಡ್ಡಿ ಆಗುತ್ತದೆ. 300ಕ್ಕೆ ಸುಮಾರು 40 ಚದರ ಅಡಿ ತಂದರೆ ಸಾಕು. ಎರಡು ಮೂರು ಗಿಣ್ಣಿರುವ, ಎರಡು ಇಂಚು ಉದ್ದದ ತುಂಡು, ಮೂರು ನಾಲ್ಕು ಸೇರಿಸಿ ಒಂದು ಗುಚ್ಛ. ನಾಲ್ಕು ಇಂಚಿಗೊಂದರಂತೆ ಹಚ್ಚಿದರೆ ಚದರ ಅಡಿಗೆ ಒಂಬತ್ತು, ಒಟ್ಟು 2,700. ಇಬ್ಬರು ಆಳಿಗೆ ಒಂದು ದಿನದ ಕೆಲಸ. ಒಂದು ಗಿಣ್ಣಾದರೂ ಮಣ್ಣಿನೊಳಗೆ ಹೋಗಬೇಕು, ಎಲೆಯ ತುದಿ ಹೊರಗಿರಬೇಕು. ತಂದ ಹುಲ್ಲನ್ನು ಒದ್ದೆ ಗೋಣಿಚೀಲದಲ್ಲಿ ಸುತ್ತಿ ನೆರಳಲ್ಲಿಟ್ಟು, ಅದೇ ದಿನ ಸಂಜೆ ಹಚ್ಚಿಬಿಡಬೇಕು. ಮರುದಿನಕ್ಕೆ ಉಳಿಸಿದ ಒಂದು ಚೀಲ ಒಳಗೇ ಬಿಸಿಯಾಗಿ ಅರ್ಧಕ್ಕರ್ಧ ಹಳದಿಯಾಯಿತು. ಅದನ್ನು ಹಚ್ಚಿದ ಮೂಲೆ ಉಳಿದದ್ದಕ್ಕಿಂತ ಮೂರು ವಾರ ಹಿಂದೆ ಬಿತ್ತು.

ಮಿರಗ ಕೂಡುವುದು ಜೂನ್ 7–8ಕ್ಕೆ. ಒಂದು ಮಳೆ ಬಿದ್ದು ಬಿಸಿ ಇಳಿದ ಮೇಲೆ ಶುರು ಮಾಡಿದೆವು. ಮೋಡ ನಂಬಿ ನೀರು ನಿಲ್ಲಿಸುವಂತಿಲ್ಲ. ಮಿರಗದ ನಂತರ ಹತ್ತು ಹದಿನೈದು ದಿನ ಮಳೆ ಕೈಕೊಡುವುದು ಈ ಕಡೆ ಮಾಮೂಲು. ಮೊದಲ ಹತ್ತು ದಿನ ದಿನಕ್ಕೆ ಮೂರು ಸಲ ತೆಳುವಾಗಿ, ಮುಂದಿನ ಹತ್ತು ದಿನ ಒಂದು ಸಲ, ಆಮೇಲೆ ಎರಡು ದಿನಕ್ಕೊಮ್ಮೆ. ಹಚ್ಚಿದ ಐದನೇ ದಿನ ಇಡೀ ಜಾಗ ಒಣಗಿದಂತೆ ಕಂಡಿತು. ಹೆದರಬೇಕಿಲ್ಲ, ಹಳೆ ಎಲೆ ಹೋಗುತ್ತದೆ, ಗಿಣ್ಣಿನಿಂದ ಹೊಸ ಚಿಗುರು ಬರುತ್ತದೆ. ಕಡ್ಡಿ ಉಗುರಿನಿಂದ ಕೆರೆದರೆ ಒಳಗೆ ಹಸಿರಿದ್ದರೆ ಜೀವ ಇದೆ.

ಮೊದಲ ಕೊಯ್ಲು ಹುಲ್ಲು ಎರಡೂವರೆ ಇಂಚು ಎದ್ದಾಗ, ಸುಮಾರು ನಲವತ್ತನೇ ದಿನ. ಒಮ್ಮೆಗೆ ಮೂರನೇ ಒಂದು ಪಾಲಿಗಿಂತ ಹೆಚ್ಚು ಕೊಯ್ಯಬಾರದು. ಈ ಅಳತೆಗೆ ಕೈಯಿಂದ ತಳ್ಳುವ ಉರುಳೆ ಮಷೀನು ಸಾಕು, ಅಲಗು ಮಾತ್ರ ಹರಿತವಿರಬೇಕು. ಕೊಯ್ದ ಮರುದಿನ ಇಡೀ ಹುಲ್ಲುಹಾಸು ಬೂದು ಬಣ್ಣಕ್ಕೆ ತಿರುಗಿದರೆ ರೋಗ ಅಂದುಕೊಳ್ಳಬೇಡಿ. ಒಂದು ಎಲೆ ಕಿತ್ತು ತುದಿ ನೋಡಿ. ನೂಲು ನೂಲಾಗಿ ಹರಿದಿದ್ದರೆ ತಪ್ಪು ಅಲಗಿನದು. ಮಳೆಗಾಲದಲ್ಲಿ ಒಂದು ಇಂಚಿಗೆ ಕೊಯ್ದರೂ ನಡೆಯುತ್ತದೆ. ಮಾರ್ಚ್‌ನಿಂದ ಎತ್ತರ ಎರಡು ಇಂಚಿಗೆ ಏರಿಸಬೇಕು, ಎಲೆಯ ನೆರಳೇ ಮಣ್ಣನ್ನು ಕಾಯುತ್ತದೆ.

ಯೂರಿಯಾ ಚದರ ಮೀಟರಿಗೆ 10 ಗ್ರಾಂ, ಇಡೀ ಜಾಗಕ್ಕೆ 280 ಗ್ರಾಂ. ಅದನ್ನೂ ಎರಡು ಭಾಗ ಮಾಡಿ ಹದಿನೈದು ದಿನದ ಅಂತರದಲ್ಲಿ, ಒಂದು ಪುಟ್ಟಿ ಒಣ ಉಸುಕಿನಲ್ಲಿ ಬೆರೆಸಿ, ಅರ್ಧ ಉದ್ದಕ್ಕೆ ಅರ್ಧ ಅಡ್ಡಕ್ಕೆ ಎರಚಬೇಕು. ಎಲೆ ಒಣಗಿರಬೇಕು, ಇಬ್ಬನಿ ಇದ್ದಾಗ ಎರಚಿದರೆ ಕಾಳು ಅಂಟಿದಲ್ಲೆಲ್ಲ ಸುಟ್ಟ ಚುಕ್ಕೆ. ಎರಚಿದ ಕೂಡಲೇ ನೀರು. ಸುಣ್ಣದ ಮಣ್ಣಿನ ಮೇಲೆ ಯೂರಿಯಾ ಹಾಗೇ ಬಿದ್ದಿದ್ದರೆ ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. ವರ್ಷಕ್ಕೆ ನಾಲ್ಕು ಸಲ: ಜುಲೈ, ಆಗಸ್ಟ್, ಅಕ್ಟೋಬರ್, ಫೆಬ್ರವರಿ ಕೊನೆ. ಡಿಸೆಂಬರ್–ಜನವರಿಯ ಚಳಿಯಲ್ಲಿ ಕರಕಿ ಮಂಕಾಗುತ್ತದೆ, ಬೀದರಿನಲ್ಲಿ ಇನ್ನೂ ಹೆಚ್ಚು. ಆ ಮಂಕು ಹಸಿವಲ್ಲ, ನಿದ್ದೆ. ಆಗ ಗೊಬ್ಬರ ಬೇಡ.

ಆಗಸ್ಟ್‌ನಲ್ಲಿ ಯೂರಿಯಾ ಹಾಕಿದರೂ ಹಳದಿ ಹೋಗಲಿಲ್ಲ. ಇಲ್ಲಿ ಎಲೆ ನೋಡಿ ತೀರ್ಮಾನಿಸಬೇಕು. ಹಳೆಯ, ಕೆಳಗಿನ ಎಲೆ ಹಳದಿಯಾದರೆ ಸಾರಜನಕ ಕಡಿಮೆ. ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿದ್ದರೆ ಕಬ್ಬಿಣ ಕಡಿಮೆ. ಬೋರಿನ ಗಡಸು ನೀರು, ಸುಣ್ಣದ ಮಣ್ಣು ಎರಡೂ ಸೇರಿದಾಗ ಮಣ್ಣಿನಲ್ಲಿ ಕಬ್ಬಿಣ ಇದ್ದೂ ಬೇರಿಗೆ ಸಿಗುವುದಿಲ್ಲ. ಮಣ್ಣಿಗೆ ಅನ್ನಭೇದಿ (ಕಬ್ಬಿಣದ ಸಲ್ಫೇಟ್) ಹಾಕಿದರೆ ಅದೂ ಅಲ್ಲೇ ಗಟ್ಟಿಯಾಗಿ ಕೂರುತ್ತದೆ, ಎಲೆಗೇ ಸಿಂಪಡಿಸಬೇಕು. ಒಂದು ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ, 1 ಗ್ರಾಂ ಸಿಟ್ರಿಕ್ ಆಮ್ಲ. ಆಮ್ಲ ಮೊದಲು ನೀರಿಗೆ, ಅನ್ನಭೇದಿ ಆಮೇಲೆ. ದ್ರಾವಣ ಕಂದಾಗಿದ್ದರೆ ಚೆಲ್ಲಿ ಹೊಸದು ಮಾಡಿ. ಸಂಜೆ ಹೊಡೆದರೆ ಐದಾರು ದಿನಕ್ಕೆ ಹಸಿರು ಬಂತು. ಹತ್ತು ದಿನ ಬಿಟ್ಟು ಇನ್ನೊಮ್ಮೆ. ಪರಸಿ ಕಲ್ಲಿನ ಮೇಲೆ ಹನಿ ಬಿದ್ದರೆ ಮಾತ್ರ ತುಕ್ಕಿನ ಕಲೆ ಹೋಗುವುದೇ ಇಲ್ಲ. ಅಂಚಿಗೆ ಹಳೆ ಸೀರೆ ಹಾಸಿಕೊಂಡೇ ಹೊಡೆಯಬೇಕು.

ಸೆಪ್ಟೆಂಬರ್ ಈ ಕಡೆಯ ದೊಡ್ಡ ಮಳೆಯ ತಿಂಗಳು. ಕಾಲುವೆ ಕೆಲಸ ಮಾಡಿತು, ಆದರೆ ಗೇಟಿನ ಹತ್ತಿರ ಮಣ್ಣು ಕೂತು ಎರಡು ಅಡಿ ಅಗಲದ ತಗ್ಗಾಗಿ, ಮೂರು ದಿನ ನೀರು ನಿಂತು ಅಲ್ಲಿ ಹುಲ್ಲು ಕೊಳೆಯಿತು. ಹಸಿಯಲ್ಲಿ ತುಳಿಯದೆ, ಹದ ಬಂದ ಮೇಲೆ ನಾಲ್ಕು ಹಲ್ಲಿನ ಫೋರ್ಕನ್ನು ನಾಲ್ಕು ಇಂಚು ಆಳಕ್ಕೆ ಚುಚ್ಚಿ ಅಲ್ಲಾಡಿಸಿ, ತೂತಿನೊಳಗೆ ಉಸುಕು ಗುಡಿಸಿದೆವು. ತಗ್ಗನ್ನು ಒಮ್ಮೆಲೇ ತುಂಬಬಾರದು, ಅರ್ಧ ಇಂಚಿಗಿಂತ ಹೆಚ್ಚು ಮಣ್ಣು ಬಿದ್ದರೆ ಹುಲ್ಲು ಉಸಿರುಗಟ್ಟುತ್ತದೆ. ಮೂರು ಕಂತಿನಲ್ಲಿ ತುಂಬಿದೆವು.

ಅದೇ ತಿಂಗಳು ಗೊರವಂಕಗಳು ಒಂದು ಮಗ್ಗುಲನ್ನು ಕುಕ್ಕಿ ಕುಕ್ಕಿ ಎಬ್ಬಿಸಿದವು. ಹಕ್ಕಿ ಓಡಿಸುವ ಮೊದಲು ಹುಲ್ಲು ಹಿಡಿದು ಎಳೆದು ನೋಡಬೇಕು. ಚಾಪೆಯಂತೆ ಎದ್ದು ಬಂದರೆ ಕೆಳಗೆ ಬಾಗಿದ ಬಿಳಿ ಗೊಣ್ಣೆ ಹುಳ ಬೇರು ತಿಂದಿರುತ್ತದೆ. ಚದರ ಅಡಿಗೆ ಒಂದೆರಡಿದ್ದರೆ ಹಕ್ಕಿಗೇ ಬಿಡಬಹುದು. ಇಲ್ಲಿ ಏಳೆಂಟಿದ್ದವು. ಕೈಯಿಂದ ಆರಿಸಿ, ಹುಳ ಕೊಲ್ಲುವ ಮೆಟಾರೈಜಿಯಂ ಶಿಲೀಂಧ್ರದ ಪುಡಿಯನ್ನು ಜರಡಿ ಹಿಡಿದ ಗೊಬ್ಬರದಲ್ಲಿ ಬೆರೆಸಿ ಹಸಿ ಮಣ್ಣಿಗೆ ಹಾಕಿದೆವು. ಅದು ಬಿಸಿಲಿಗೆ ಸಾಯುವುದರಿಂದ ಸಂಜೆಯೇ ಹಾಕಬೇಕು.

ನೀರಿನ ಲೆಕ್ಕವಿಲ್ಲದೆ ಕಲಬುರಗಿಯಲ್ಲಿ ಹುಲ್ಲಿನ ಮಾತಾಡುವಂತಿಲ್ಲ. 300 ಚದರ ಅಡಿಗೆ 1 ಮಿ.ಮೀ. ಎಂದರೆ 28 ಲೀಟರ್. ಒಮ್ಮೆ ಕುಡಿಸಿದರೆ 25 ಮಿ.ಮೀ., ಅಂದರೆ 700 ಲೀಟರ್ ಕುಡಿಸಬೇಕು. ಅಷ್ಟಾದರೆ ನೀರು ಆರು ಇಂಚು ಇಳಿದು ಬೇರನ್ನೂ ಕೆಳಕ್ಕೆ ಎಳೆಯುತ್ತದೆ. ದಿನಾ ಸಂಜೆ ಪೈಪು ಹಿಡಿದು ಐದು ನಿಮಿಷ ಒದ್ದೆ ಮಾಡುವುದು ಎಲ್ಲಕ್ಕಿಂತ ಕೆಟ್ಟ ರೂಢಿ: ಬೇರು ಮೇಲೆಯೇ ಉಳಿಯುತ್ತದೆ, ರಾತ್ರಿಯಿಡೀ ಎಲೆ ಒದ್ದೆಯಿದ್ದು ಬೂಷ್ಟು ಬರುತ್ತದೆ. ಸ್ಪ್ರಿಂಕ್ಲರ್ ಸಮನಾಗಿ ಹೊಡೆಯುತ್ತದೆಯೇ ಎಂದು ತಿಳಿಯಲು ನೇರ ಗೋಡೆಯ ಐದು ಡಬ್ಬಿಗಳನ್ನು ಅಲ್ಲಲ್ಲಿ ಇಟ್ಟು ಅಳೆದೆವು. ಮೂಲೆಯ ಡಬ್ಬಿಯಲ್ಲಿ ನಡುವಿನದರ ಅರ್ಧವೂ ಇರಲಿಲ್ಲ. ಫೆಬ್ರವರಿಯಲ್ಲಿ ವಾರಕ್ಕೊಮ್ಮೆ, ಏಪ್ರಿಲ್–ಮೇನಲ್ಲಿ ನಾಲ್ಕು ದಿನಕ್ಕೊಮ್ಮೆ, ಮುಂಜಾನೆ ಆರರೊಳಗೆ. 5,000 ಲೀಟರಿನ ಟ್ಯಾಂಕರ್ ಏಳು ಸಲಕ್ಕೆ, ಅಂದರೆ ಒಂದು ತಿಂಗಳಿಗೆ ಬರುತ್ತದೆ. ಬಟ್ಟೆ ಒಗೆದ ನೀರು ಬಿಡಬಾರದು. ಸೋಪಿನ ಪುಡಿಯ ಸೋಡಿಯಂ ಎರೆಯನ್ನು ಇನ್ನಷ್ಟು ಬಿಗಿ ಮಾಡುತ್ತದೆ. ಆರ್‌ಒ ಮಷೀನಿನ ಹೊರನೀರನ್ನೂ ಬೇರೆ ನೀರು ಬೆರೆಸದೆ ಬಳಸಬಾರದು.

ಮೇ ತಿಂಗಳಲ್ಲಿ ಬೋರು ನಿಂತರೆ? ಹುಲ್ಲನ್ನು ಮಲಗಲು ಬಿಡಬೇಕು. ಹತ್ತು ದಿನಕ್ಕೊಮ್ಮೆ 280 ಲೀಟರ್ ಸಿಕ್ಕರೂ ಕರಕಿಯ ಒಳಬಳ್ಳಿ ಸಾಯುವುದಿಲ್ಲ. ಮೇಲೆ ಕಂದಾಗುತ್ತದೆ, ಮಳೆಗೆ ಏಳುತ್ತದೆ. ಆ ದಿನಗಳಲ್ಲಿ ಮೇಲೆ ಓಡಾಡಬಾರದು, ಕೊಯ್ಯಬಾರದು, ಯೂರಿಯಾ ಮುಟ್ಟಲೇಬಾರದು. ಓಣಿಯಲ್ಲಿ ಕುಡಿಯುವ ನೀರಿಗೆ ಕೊಡ ಸಾಲಾಗಿ ನಿಂತಿರುವಾಗ ಹುಲ್ಲಿಗೆ ಟ್ಯಾಂಕರ್ ತರಿಸುವುದು ಚಂದವೂ ಅಲ್ಲ. 300 ಚದರ ಅಡಿಗಿಂತ ದೊಡ್ಡದು ಬೇಡ ಎಂದು ಮೊದಲೇ ನಿರ್ಧರಿಸಿದ್ದು ಇದಕ್ಕೇ.

ಪರಸಿ ಕಲ್ಲಿಗೆ ತಾಗಿದ ಅರ್ಧ ಅಡಿ ಮಾತ್ರ ನೀರಿದ್ದರೂ ಸುಟ್ಟಿತು. ಮಧ್ಯಾಹ್ನ ಕಲ್ಲು ಕಾದು ಪಕ್ಕದ ಮಣ್ಣನ್ನು ಒಣಗಿಸುತ್ತದೆ. ಆ ಅಂಚಿಗೆ ಎರಡು ದಿನಕ್ಕೊಮ್ಮೆ ಝಾರಿಯಿಂದ ಪ್ರತ್ಯೇಕ ನೀರು ಕೊಟ್ಟೆವು.

ಮರು ವರ್ಷದ ಮಿರಗಕ್ಕೆ ಮಷೀನನ್ನು ಅತಿ ಕೆಳಗೆ ಇಳಿಸಿ ಬೋಳು ಕೊಯ್ಲು ಮಾಡಿ, ಕಬ್ಬಿಣದ ದಂತಾಳೆಯಿಂದ ಒಣ ಪದರ ಎಳೆದು ತೆಗೆದೆವು. ಎರಡು ಗೋಣಿಚೀಲ ಬಂತು. ಫೋರ್ಕ್ ಚುಚ್ಚಿ, ಉಸುಕು ಮತ್ತು ಜರಡಿ ಗೊಬ್ಬರ ಸಮ ಪಾಲು ಬೆರೆಸಿ ಕಾಲು ಇಂಚು ಹರಡಿದೆವು, ಇದಕ್ಕೆ ಐದು ಸಿಮೆಂಟ್ ಚೀಲದಷ್ಟು ಬೇಕಾಯಿತು. ಪರಸಿ ಅಂಚಿನ ಬೋಳು ಪಟ್ಟಿಗೆ ನಡುವಿನಿಂದಲೇ ಒಂದು ಚದರ ಅಡಿ ಕಿತ್ತು ಕಡ್ಡಿ ಹಚ್ಚಿದೆವು. ಕಿತ್ತ ಜಾಗ ಮೂರು ವಾರಕ್ಕೆ ಮುಚ್ಚಿತು. ಜೇಕು ಅಲ್ಲಲ್ಲಿ ಇನ್ನೂ ಏಳುತ್ತಿದೆ, ಖುರಪಿ ಗೇಟಿನ ಪಕ್ಕದಲ್ಲೇ ತೂಗುಹಾಕಿದೆ.